ಮೊದಲ ನೀರು

ಅಂಚುಗಳು ಒಳಮುಖವಾಗಿಯೇ ಬರಬೇಕು. ಮೊದಲು ತನ್ನ ಕಡೆಯ ಅಂಚು, ಅದರ ಮೇಲೆ ಆಚೆ ಕಡೆಯದು, ಆಮೇಲೆ ಎಡ, ಕೊನೆಗೆ ಬಲ. ಬಲಿಪೀಠದ ಮೇಲೆ ದ್ರಾಕ್ಷಾರಸದ ಪಾತ್ರೆಯ ಕೆಳಗೆ ಹಾಸುವ ಚೌಕದ ಬಟ್ಟೆ ಅದು. ಕಣ್ಣಿಗೆ ಕಾಣದಷ್ಟು ಸಣ್ಣ ಪ್ರಸಾದದ ರೊಟ್ಟಿಯ ಚೂರು ಉಳಿದಿದ್ದರೂ ಮಡಿಕೆಯೊಳಗೇ ಉಳಿಯಬೇಕು, ನೆಲಕ್ಕೆ ಉದುರಬಾರದು. ಇಸ್ತ್ರಿಪೆಟ್ಟಿಗೆಯ ಮೂತಿಯನ್ನು ಮೂಲೆಗೆ ಒತ್ತಿ ಹಿಡಿದು ಅವಳು ಉಸಿರು ಬಿಗಿಹಿಡಿದಳು. ಹಿಡಿಯದಿದ್ದರೆ ಗೆರೆ ಸೊಟ್ಟಗಾಗುತ್ತದೆ ಎಂದು ಅವಳ ನಂಬಿಕೆ. ಚರ್ಚಿನವರು ಅವಳನ್ನು ಇಸ್ತ್ರಿಯಮ್ಮ ಎನ್ನುತ್ತಿದ್ದರು. ತೊಳೆಯುವುದೂ ಅವಳೇ, ನೆನೆಹಾಕುವುದೂ ಅವಳೇ, ಮೇಣದ ಕಲೆ ಕೆರೆದು ತೆಗೆಯುವುದೂ ಅವಳೇ, ಆದರೆ ಜನ ಕಣ್ಣಿಗೆ ಕಂಡದ್ದಕ್ಕಷ್ಟೇ ಹೆಸರಿಡುತ್ತಾರೆ. ಇರಲಿ. ಬಲಿಪೀಠದ ಹಿಂದಿನ ಈ ಉದ್ದ ಕೋಣೆ, ಮರದ ಮೇಜು, ಮೂಲೆಯ ಕಲ್ಲಿನ ತೊಟ್ಟಿ, ಗೋಡೆಯುದ್ದಕ್ಕೂ ಡ್ರಾಯರುಗಳು. ಎಲ್ಲಕ್ಕಿಂತ ಕೆಳಗಿನ ಡ್ರಾಯರಿನಲ್ಲಿ, ವರ್ಷಕ್ಕೆ ಒಂದೆರಡು ಸಲ ಮಾತ್ರ ಹೊರಗೆ ಬರುವ ನೇರಳೆ ಬಟ್ಟೆಗಳ ಅಡಿಯಲ್ಲಿ, ಒಂದು ಲಕೋಟೆ ಇತ್ತು. ಅದರ ಮೇಲೆ ತಂಗಿಯ ವಿಳಾಸ, ಮೂಲೆಯಲ್ಲಿ ಅಂಟಿಸಿದ ಸ್ಟಾಂಪು. ಒಳಗೆ ಎರಡೇ ಸಾಲಿನ ಕಾಗದ. ನಿನ್ನ ಪತ್ರ ತಲುಪಿತು. ನಾನು ಕ್ಷೇಮ. ಅಲ್ಲಿಗೆ ಪೆನ್ನು ನಿಂತುಬಿಟ್ಟಿತ್ತು, ನಿಂತು ವರ್ಷಗಳಾಗಿದ್ದವು. ಮನೆಯಲ್ಲಿಟ್ಟರೆ ದಿನಾ ಕಣ್ಣಿಗೆ ಬೀಳುತ್ತದೆಂದು ಇಲ್ಲಿ ತಂದಿಟ್ಟಿದ್ದಳು. ಇಲ್ಲಿಯೂ ದಿನಾ ಬೀಳುತ್ತಿತ್ತು, ಡ್ರಾಯರು ಮುಚ್ಚಿದ್ದರೂ.

ತಂಗಿ ಬರೆದದ್ದಾದರೂ ಏನು? ಅಕ್ಕಾ, ದೇವರ ಪ್ರೀತಿ ನನ್ನನ್ನು ಮುಟ್ಟಿತು, ನಾನೀಗ ಹೊಸ ಮನುಷ್ಯಳು, ಆ ದಿನ ನೀನು ಬಾಗಿಲು ಹಾಕಿಕೊಂಡದ್ದನ್ನು ಮನಸಾರೆ ಕ್ಷಮಿಸಿದ್ದೇನೆ, ಉತ್ತರ ಬರಿ. ಓದಿದ ದಿನ ಅವಳಿಗೆ ಕಪಾಳಕ್ಕೆ ಬಾರಿಸಿದ ಹಾಗಾಗಿತ್ತು. ಕ್ಷಮೆ ಕೇಳಿದವರು ಯಾರು? ತಾನು ಕೇಳಲಿಲ್ಲವಲ್ಲ. ಕೇಳದೇ ಮನೆಗೆ ತಂದುಕೊಟ್ಟ ಸಾಮಾನಿನ ಹಾಗೆ ಅದು ಹೊಸ್ತಿಲಲ್ಲಿ ಕೂತಿತ್ತು, ಒಳಗೆ ತೆಗೆದುಕೊಳ್ಳಲೂ ಆಗದು, ಹಿಂದಕ್ಕೆ ಕಳಿಸಲೂ ಆಗದು. ಅದೂ ಯಾರು, ಗುಬ್ಬಿ! ಅಮ್ಮ ಇಟ್ಟ ಹೆಸರು ಅದು. ಹದಿವಯಸ್ಸಿನಲ್ಲೇ ಪೂಜೆಗೆ ಬರಲು ಮೈಗಳ್ಳತನ ಮಾಡಿದವಳು, ಯಾವನೋ ಒಬ್ಬನ ಹಿಂದೆ ಮನೆ ಬಿಟ್ಟವಳು, ಅವಳನ್ನು ಹುಡುಕಿಕೊಂಡು ಹೋಗಿ ದೇವರು ಮುಟ್ಟಿದನಂತೆ. ಇಲ್ಲಿ ಅವನ ಬಟ್ಟೆಯನ್ನು ತಲೆಗೂದಲು ಬೆಳ್ಳಗಾಗುವವರೆಗೆ ಒಗೆದವಳನ್ನು ಒಂದು ಸಲ, ತಪ್ಪಿಯಾದರೂ, ಕೈತಾಗಿಯಾದರೂ ಮುಟ್ಟಲಿಲ್ಲ.

ಬಾಗಿಲು ತಳ್ಳಿಕೊಂಡು ಹೂವಿನಾಕೆ ಬಂದಳು. ಬಲಿಪೀಠದ ಹೂದಾನಿಗಳನ್ನು ಜೋಡಿಸುವವಳು. ದೊಡ್ಡ ಬಾಯಿ, ಒಳ್ಳೆಯ ಮನಸ್ಸು ಎಂದು ಎಲ್ಲರೂ ಹೇಳುತ್ತಿದ್ದರು. ಇಸ್ತ್ರಿಯಮ್ಮನಿಗೆ ಕಂಡದ್ದು ಬಾಯಿ ಮಾತ್ರ.

"ಇಸ್ತ್ರಿಯಮ್ಮಾ, ಒಂದು ಹಳೇ ಬಟ್ಟೆ ಇದ್ರೆ ಕೊಡಿ, ಕಣ್ಣಿಗೆ ತಣ್ಣೀರು ಹಾಕ್ಕೋತೀನಿ. ನಿನ್ನೆ ಅತ್ತೂ ಅತ್ತೂ ಹೇಗೆ ಊದಿದೆ ನೋಡಿ."

"ಯಾರು ಹೋದ್ರು?"

"ಯಾರೂ ಹೋಗಿಲ್ಲ ಕಣ್ರೀ! ನಿಮ್ಮ ಬಾಯಲ್ಲಿ ಒಳ್ಳೇ ಮಾತು ಬರಲ್ವಾ? ನಮ್ಮ ನಾದಿನಿ ಊರಿಗೆ ಹೋಗಿದ್ನಲ್ಲ, ಅಲ್ಲಿ ಪ್ರಾರ್ಥನಾಕೂಟ ಇತ್ತು. ಅಲ್ಲೊಬ್ಬಳು ಎದ್ದು ಸಾಕ್ಷಿ ಹೇಳಿದಳು. ದೇವರು ತನ್ನ ಬಾಳಲ್ಲಿ ಏನು ಮಾಡಿದ ಅಂತ. ಅಬ್ಬಬ್ಬಾ, ಇಡೀ ಸಭೆ ಮೂಗು ಸೀಟಿದ್ದೇ ಸೀಟಿದ್ದು. ಗಂಡಸರೂ ಸೇರಿ."

"ನೀವು ಮೇಣದಬತ್ತಿ ಕರಗಿದ್ರೂ ಅಳೋರು," ಎಂದು ಅವಳು ಮುಂದಿನ ಬಟ್ಟೆ ಹಾಸಿದಳು.

"ಅಳೋರಿಗೆ ದೇವರು ಹತ್ತಿರ ಇರ್ತಾನಂತೆ, ನೀವು ಇಸ್ತ್ರಿ ಹತ್ತಿರಾನೇ ಇರಿ. ಕೇಳಿ ಇಲ್ಲಿ. ಅವಳು ಹೊಲಿಗೆ ಮಾಡೋಳು. ನಿಮ್ಮ ಹಾಗೇ ಸಣಕಲಿ. ಎಡಗೈಯಲ್ಲಿ ಮೈಕು ಹಿಡ್ಕೊಂಡು, ಮಾತಿಗೊಂದ್ಸಲ ಬಲಗಿವಿ ಎಳ್ಕೋತಾಳೆ, ಮಕ್ಕಳು ಎಳ್ಕೊಳ್ತಾರಲ್ಲ ಹಾಗೆ. ನನಗೆ ಮೊದಲು ನಗು ಬಂತು. ಆಮೇಲೆ ಕಥೆ ಶುರುವಾಯ್ತು ನೋಡಿ..."

ಇಸ್ತ್ರಿಪೆಟ್ಟಿಗೆ ಬಟ್ಟೆಯ ಮೇಲೆ ನಿಂತಿತು. ಗುಬ್ಬಿ ಕಿವಿ ಎಳೆದುಕೊಳ್ಳುವುದನ್ನು ಬಿಡಿಸಲು ಅಮ್ಮ ಬೇವಿನೆಣ್ಣೆ ಹಚ್ಚಿದ್ದಳು, ನೂಲು ಕಟ್ಟಿದ್ದಳು. ಕೊನೆಗೆ ತಾನೇ ಮುದ್ದಿನಿಂದ ಎಳೆಯತೊಡಗಿದಳು. ಸುಟ್ಟ ವಾಸನೆ ಬರುವ ಮುಂಚೆ ಅವಳು ಪೆಟ್ಟಿಗೆಯನ್ನು ಎತ್ತಿ ನಿಲ್ಲಿಸಿದಳು.

"ಅಮ್ಮನಿಗೆ ಕಾಯಿಲೆ ಅಂತ ಸುದ್ದಿ ಬಂತಂತೆ," ಹೂವಿನಾಕೆ ಒಣ ದಳಗಳನ್ನು ಕಿತ್ತು ಸೆರಗಿಗೆ ಹಾಕಿಕೊಳ್ಳುತ್ತ ಹೇಳಿದಳು, "ಎಲ್ಲಿಂದಲೋ ಬಿದ್ದೂ ಎದ್ದೂ ಬಂದಳಂತೆ. ಧೋ ಅಂತ ಮಳೆ. ಮೈಯೆಲ್ಲ ತೊಪ್ಪೆ. ಬಾಗಿಲು ತಟ್ಟಿದ್ರೆ ಅಕ್ಕ ಅನ್ನಿಸಿಕೊಂಡೋಳು ಅರ್ಧ ಬಾಗಿಲು ತೆಗೆದು, ಕೈಯಲ್ಲೊಂದು ಒದ್ದೆ ಬಟ್ಟೆ ಹಿಡ್ಕೊಂಡು..."

"ಮಳೆ ಎಲ್ಲಿತ್ತು?"

"ಆಂ?"

"ಅಲ್ಲ, ಮಳೆ ಅಂದ್ರಲ್ಲ. ಆ ಕಡೆ ಅಷ್ಟೆಲ್ಲ ಮಳೆ ಬರುತ್ತಾ ಅಂತ ಕೇಳಿದೆ."

"ಬಂತಂತೆ ಕಣ್ರೀ, ನಾನೇನು ಛತ್ರಿ ಹಿಡ್ಕೊಂಡು ನಿಂತಿದ್ನಾ? ಅಕ್ಕ ಒಳಗೆ ಬಿಡಲಿಲ್ಲ. ಅಮ್ಮನಿಗೆ ನಿನ್ನ ಮುಖ ನೋಡೋದು ಬೇಡವಂತೆ, ಹೋಗು ಅಂದಳಂತೆ. ಹೋಗಲಿ, ಅಂಥ ಅಕ್ಕಂದಿರು ಮನೆಗೊಬ್ಬರು ಇರ್ತಾರೆ, ಬಿಡಿ. ಹುಳಿ ಹಿಡಿದ ಹಾಲಿನ ಹಾಗೆ. ಆದ್ರೆ ಆ ತಾಯಿ! ಹೆತ್ತ ತಾಯಿ ಕಣ್ರೀ! ಸಾಯೋ ಕಾಲಕ್ಕೆ ಮಗಳ ಮುಖ ಬೇಡ ಅನ್ನಬೇಕಾದ್ರೆ ಅದೆಂಥ ಎದೆ? ಅವಳೂ ಅದನ್ನೇ ಹೇಳಿದಳು. ಅಕ್ಕನನ್ನ ಕ್ಷಮಿಸೋದು ಸುಲಭ ಆಯ್ತು, ಅಮ್ಮನನ್ನ ಕ್ಷಮಿಸೋಕೆ ಮಾತ್ರ ದೇವರೇ ಪಕ್ಕದಲ್ಲಿ ಕೂತು ಕೈ ಹಿಡೀಬೇಕಾಯ್ತು ಅಂತ. ಆಗ ಅಳು ತಡೆಯೋಕಾಗಲಿಲ್ಲ ನನಗೆ. ಎಲ್ಲರೂ ಎದ್ದು ನಿಂತು ಆ ತಾಯಿ ಆತ್ಮಕ್ಕೆ ಪ್ರಾರ್ಥನೆ ಮಾಡಿದ್ವಿ, ಆ ಕಲ್ಲು ಹೃದಯ ಅಲ್ಲಾದ್ರೂ ಕರಗಲಿ ಅಂತ. ನಾನೂ ಮಾಡ್ದೆ."

"ನೀವೂ ಮಾಡಿದ್ರಾ?"

"ಮತ್ತೆ? ಬಾಯಿ ಮುಚ್ಚಿಕೊಂಡು ನಿಲ್ಲೋಕಾಗುತ್ತಾ? ನೀವಿದ್ದಿದ್ರೆ ನೀವೂ ಮಾಡ್ತಿದ್ರಿ." ಹೂವಿನಾಕೆ ಹೂದಾನಿಯ ಹಳೇ ನೀರನ್ನು ಹೊರಗೆ ಚೆಲ್ಲಲು ಎತ್ತಿಕೊಂಡಳು. ಬಾಗಿಲಲ್ಲಿ ನಿಂತು, "ಮುಖ ಯಾಕ್ರೀ ಹೀಗಾಗಿದೆ? ಬಿಸಿಲಿಗೆ ಪಿತ್ತ ಏರಿರಬೇಕು, ಸ್ವಲ್ಪ ಕೂತ್ಕೊಳ್ಳಿ," ಎಂದು ಹೋದಳು.

ಕೂರಲಿಲ್ಲ. ತೊಟ್ಟಿಯ ಪಕ್ಕದ ಬೋಗುಣಿಯಲ್ಲಿ ಬೆಳಗಿನ ಪೂಜೆಯ ಬಟ್ಟೆಗಳು ನೆನೆಯುತ್ತಿದ್ದವು, ಪಾತ್ರೆಯನ್ನು ಒರೆಸಿದ ಉದ್ದ ಬಟ್ಟೆಗಳು. ಅವನ್ನು ಮೊದಲು ಬರೀ ನೀರಿನಲ್ಲಿ ನೆನೆಸಬೇಕು, ಸೋಪು ಆಮೇಲೆ. ದ್ರಾಕ್ಷಾರಸ, ಅಂದರೆ ಪೂಜೆಯಾದ ಮೇಲೆ ಬರೀ ದ್ರಾಕ್ಷಾರಸವಲ್ಲದೆ ದೇವರ ರಕ್ತವೇ ಆದದ್ದು, ಒಂದು ಹನಿಯ ನೂರರಲ್ಲೊಂದು ಪಾಲಾದರೂ ಆ ನೀರಿಗೆ ಇಳಿದಿರುತ್ತದೆ. ಆ ಮೊದಲ ನೀರನ್ನು ಚರಂಡಿಗೆ ಬಿಡುವಂತಿಲ್ಲ. ಹಿತ್ತಲಿಗೆ ಒಯ್ದು, ಯಾರೂ ತುಳಿಯದ ಕಡೆ, ಗೋಡೆಯ ಬುಡದ ಗುಲಾಬಿ ಗಿಡಕ್ಕೆ ಹೊಯ್ಯಬೇಕು. ಹಳೆಯ ಫಾದರು ಅವಳಿಗೆ ಕಲಿಸಿದ್ದ ಮೊದಲ ಪಾಠವೇ ಅದು: ಅಮ್ಮಾ, ಅವನು ನಮ್ಮ ಕೈಗೆ ಸಿಕ್ಕಿಬಿಟ್ಟಿದ್ದಾನೆ, ಜೋಪಾನ. ಕಾಲು ಉಳುಕಿದಾಗಲೂ, ಜ್ವರ ಬಂದಾಗಲೂ ಅವಳು ತಪ್ಪಿಸಿರಲಿಲ್ಲ. ಗಿಡಕ್ಕೆ ಹೊಯ್ಯುವಾಗ ಒಂದು ಹನಿ ಪಾದದ ಮೇಲೆ ಬಿದ್ದರೆ ಬಾಗಿ ಸೆರಗಿನಿಂದ ಒತ್ತಿ ತೆಗೆದು ಆ ಸೆರಗನ್ನೂ ನೆನೆಹಾಕುತ್ತಿದ್ದಳು. ಹೂವಿನಾಕೆ ನಗುತ್ತಿದ್ದಳು. ನಗಲಿ.

ಈಗ ಅವಳು ಬಟ್ಟೆಗಳನ್ನು ಹಿಂಡಿ ಮೇಲೆತ್ತಿದಳು. ತಿಳಿಗೆಂಪಿನ, ಕೆಂಪೆಂದು ಗೊತ್ತಿದ್ದವರಿಗೆ ಮಾತ್ರ ಕೆಂಪಾಗಿ ಕಾಣುವ ನೀರು. ಅಕ್ಕನನ್ನು ಕ್ಷಮಿಸೋದು ಸುಲಭ ಆಯ್ತು. ಸುಲಭ! ಅಮ್ಮನ ಪಕ್ಕದಲ್ಲಿ ಕೂತು ಕೈ ಹಿಡಿದವಳು ತಾನು. ಮಲಮೂತ್ರ ಬಳಿದವಳು ತಾನು. ಬೆನ್ನಿನ ಹುಣ್ಣಿಗೆ ಪುಡಿ ಹಾಕಿ ಮಗ್ಗುಲು ಬದಲಿಸಿದವಳು ತಾನು. ಇಲ್ಲಿ ಇವನ ಬಟ್ಟೆ, ಮನೆಯಲ್ಲಿ ಅವಳ ಬಟ್ಟೆ, ಎರಡು ಕಡೆಯೂ ಇದೇ ಕೈ. ಆಗ ಎಲ್ಲಿ ಹೋಗಿದ್ದೆ, ದೇವರೇ? ಆ ಊರಿನ ಸಭೆಗೆ ಹೋಗಿ ಗುಬ್ಬಿಯ ಪಕ್ಕ ಕೂತೆಯಾ, ಕೈ ಹಿಡಿದೆಯಾ, ಅಮ್ಮನನ್ನು ಕಲ್ಲೆಂದದ್ದನ್ನು ಸುಮ್ಮನೆ ಕೇಳಿದೆಯಾ? ನಿನಗೆ ಗೊತ್ತಿರಲಿಲ್ಲವೇ? ಬೋಗುಣಿ ತಾನಾಗಿ ಓರೆಯಾಯಿತು. ಇಲ್ಲ, ತಾನಾಗಿ ಅಲ್ಲ. ಅವಳೇ ಓರೆ ಮಾಡಿದಳು, ಎರಡೂ ಕೈಯಿಂದ, ಕಣ್ಣು ತೆರೆದುಕೊಂಡೇ. ನೀರು ಕಲ್ಲಿನ ತೊಟ್ಟಿಗೆ ಬಿತ್ತು, ಒಂದು ಸುತ್ತು ಹಾಕಿತು, ತೂತಿನಲ್ಲಿ ಗಟಗಟ ಎಂದು ಇಳಿದು ಹೋಯಿತು. ನಿನ್ನೆ ನೆಲ ಒರೆಸಿದ ಕೊಳೆ ನೀರು ಹೋದ ದಾರಿಯಲ್ಲೇ.

ಆಮೇಲೆ ಏನೂ ಆಗಲಿಲ್ಲ. ಗೋಡೆ ಬಿರಿಯಲಿಲ್ಲ, ಕೈ ಸೆಟೆದುಕೊಳ್ಳಲಿಲ್ಲ. ಹೊರಗೆ ಯಾರೋ ಗಾಡಿಯನ್ನು ಹಿಂದಕ್ಕೆ ತೆಗೆಯುತ್ತಿದ್ದ ಸದ್ದು. ಅವಳು ತೊಟ್ಟಿಯ ಅಂಚು ಹಿಡಿದು ಹಾಗೇ ಕೂತುಬಿಟ್ಟಳು, ಗಲ್ಲ ಕಲ್ಲಿಗೆ ತಾಗುವಷ್ಟು ಕೆಳಗೆ. ತೂತಿನಿಂದ ಹಳೇ ಸೋಪಿನ, ಕೊಳೆತ ಕೂದಲಿನ ವಾಸನೆ ಬಂತು. ಪಾಪನಿವೇದನೆಗೆ ಹೋದಾಗಲೆಲ್ಲ ಜಾಲರಿಯ ಆಚೆ ಹಳೆಯ ಫಾದರ ಬಾಯಿಂದ ಬರುತ್ತಿದ್ದ ಮುದುಕರ ವಾಸನೆ ಯಾಕೋ ನೆನಪಾಯಿತು. ತಂಗಿಯ ಮೇಲೆ ಸಿಟ್ಟು ಮಾಡಿಕೊಂಡೆ ಫಾದರ್. ಅಷ್ಟೇ ಹೇಳುತ್ತಿದ್ದಳು, ಪ್ರತಿ ಸಲವೂ, ಅದೇ ಮಾತು, ಅದೇ ಮಡಿಕೆ. ಸಿಟ್ಟಿಗೆ ಎಷ್ಟು ಬೇಕೋ ಅಷ್ಟು ಕ್ಷಮೆ ಸಿಗುತ್ತಿತ್ತು. ಮಿಕ್ಕದ್ದು ಒಳಮುಖವಾಗಿ ಮಡಿಚಿಕೊಂಡು ಮನೆಗೆ ಬರುತ್ತಿತ್ತು, ಒಂದು ಚೂರೂ ಹೊರಗೆ ಉದುರದ ಹಾಗೆ. ಅಳತೆ ತಪ್ಪಿದ ಅಂಗಿ ಹಾಕಿಕೊಂಡ ಹಾಗೆ ಆ ಕ್ಷಮೆ ಕಂಕುಳಲ್ಲಿ ಕಚ್ಚುತ್ತಿತ್ತು, ಅದಕ್ಕೂ ದೇವರ ಮೇಲೆಯೇ ಸಿಟ್ಟು ಮಾಡಿಕೊಂಡಿದ್ದಳು.

"ಏನಾಯ್ತಮ್ಮ? ಬಿದ್ರಾ?"

ಹೊಸ ಫಾದರು. ಇನ್ನೂ ಮೀಸೆ ಸರಿಯಾಗಿ ಬಲಿಯದವರು, ನಡೆದರೆ ಬೂಟು ಕಿರ್ ಕಿರ್ ಎನ್ನುತ್ತಿತ್ತು. ಕೈಯಲ್ಲಿ ಅರ್ಧ ಸುಲಿದ ಕಿತ್ತಳೆ. ದೇವರ ಮನೆಯೊಳಗೆ ಹೀಗೆ ತಿನ್ನುತ್ತ ಓಡಾಡುವುದು ಅವಳಿಗೆ ಸರಿಬರುತ್ತಿರಲಿಲ್ಲ.

"ಮೊದಲ ನೀರನ್ನ ತೊಟ್ಟಿಗೆ ಚೆಲ್ಲಿದೆ," ಎಂದಳು, ಏಳದೆ.

"ಯಾವ ನೀರು?"

"ಪಾತ್ರೆ ಒರೆಸಿದ ಬಟ್ಟೇದು."

"ಓ." ಅವರು ಕಿತ್ತಳೆಯ ಒಂದು ತೊಳೆ ಬಿಡಿಸಿ, ಬಾಯಿಗೆ ಹಾಕಲೋ ಬೇಡವೋ ಎಂದು ನೋಡಿ, ಸಿಪ್ಪೆಯ ಮೇಲೇ ಇಟ್ಟರು. "ಕೈ ಜಾರಿರಬೇಕು. ಪರವಾಗಿಲ್ಲ ಬಿಡಿಮ್ಮ."

"ಜಾರಲಿಲ್ಲ. ಬೇಕು ಅಂತಲೇ ಚೆಲ್ಲಿದೆ."

ಅವರು ಅವಳನ್ನು ನೋಡಿದರು. ಆಮೇಲೆ ತೊಟ್ಟಿಯೊಳಗೆ ಬಗ್ಗಿ ನೋಡಿದರು, ಅಲ್ಲಿ ಯಾರಾದರೂ ಇನ್ನೂ ಇದ್ದಾರೇನೋ ಎನ್ನುವ ಹಾಗೆ. "ಈ ಚರಂಡಿ ಎಲ್ಲಿಗೆ ಹೋಗುತ್ತೆ?"

"ಹಿಂದಿನ ಗುಂಡಿಗೆ."

"ಗುಂಡಿಯಿಂದ?"

"ಇಂಗುತ್ತೆ. ಮಣ್ಣಿಗೆ."

"ಹಾಗಾದ್ರೆ ಹೋಗೋ ಕಡೆಗೇ ಹೋಗಿದ್ದಾನೆ. ಸ್ವಲ್ಪ ಸುತ್ತು ದಾರಿ ಅಷ್ಟೇ." ನಕ್ಕರು. "ಅವನಿಗೆ ಗಲೀಜು ಹೊಸದಲ್ಲಮ್ಮ. ಹುಟ್ಟಿದ್ದೇ ದನದ ಕೊಟ್ಟಿಗೇಲಿ."

ಅವಳಿಗೆ ಮೈ ಉರಿಯಿತು. ಎದ್ದು ನಿಂತಳು, ಎದ್ದರೆ ಅವಳು ಅವರಿಗಿಂತ ಎತ್ತರ. "ಫಾದರ್, ಹಾಗೆ ತಕ್ಷಣ ಪರವಾಗಿಲ್ಲ ಅನ್ನಬೇಡಿ. ಎಲ್ಲರಿಗೂ ಹಾಗೇ ಅಂತೀರಿ. ಬೀದೀಲಿ ಕಾಲು ತುಳಿದೋರಿಗೆ ಹೇಳೋ ಮಾತು ಅದು. ಮೊದಲು ಪೂರ್ತಿ ಕೇಳಿ. ಕೇಳಿ, ಸಾಧ್ಯವೋ ಇಲ್ಲವೋ ನೋಡಿ, ಆಮೇಲೆ..."

ಅವರ ನಗು ಇಳಿಯಿತು. ಕಿತ್ತಳೆಯನ್ನು ಕಿಟಕಿಯ ಮೇಲಿಟ್ಟು, ಕೈಯನ್ನು ನಿಲುವಂಗಿಗೆ ಒರೆಸಿಕೊಂಡು, "ಹೇಳಿಮ್ಮ," ಎಂದರು. ನಿಜವಾಗಿಯೂ ಕೇಳುವ ದನಿ. ಅವಳು ಬಾಯಿ ತೆರೆದಳು. ಅಷ್ಟರಲ್ಲಿ ಆಫೀಸಿನ ಕೋಣೆಯಿಂದ ಫೋನು ಬಡಿದುಕೊಳ್ಳತೊಡಗಿತು, ನಿಂತಿತು, ಮತ್ತೆ ಶುರುವಾಯಿತು. ಆಸ್ಪತ್ರೆಯದಿರಬೇಕು, ಯಾರಿಗೋ ತುಂಬಾ ಸೀರಿಯಸ್ಸಾಗಿದೆ, ಒಂದೇ ನಿಮಿಷ, ಎಲ್ಲಿಗೂ ಹೋಗಬೇಡಿ, ಎನ್ನುತ್ತ ಅವರ ಬೂಟು ಕಿರ್ ಕಿರ್ ಎಂದು ದೂರವಾಯಿತು. ಅವಳು ತೆರೆದ ಬಾಯಿಯೊಂದಿಗೆ ನಿಂತಿದ್ದಳು. ಕಿಟಕಿಯ ಮೇಲೆ ಕಿತ್ತಳೆ. ಒಂದು ಇರುವೆ ಆಗಲೇ ಅದನ್ನು ಹುಡುಕಿಕೊಂಡು ಬಂದಿತ್ತು. ಜೀವಮಾನದಲ್ಲಿ ಒಂದು ಸಲ ಹೇಳಹೊರಟರೆ ಅದಕ್ಕೂ ಸರದಿ.

ಬಿಡು, ಒಳ್ಳೆಯದೇ ಆಯಿತು, ಎಂದುಕೊಂಡಳು. ಇವರಿಗೆ ಹೇಳಿದ್ದರೆ ಇವರೂ ಸುಲಭವಾಗಿಯೇ ಕ್ಷಮಿಸುತ್ತಿದ್ದರು. ತೊಟ್ಟಿಯ ತೂತನ್ನೇ ನೋಡಿದಳು. ತಡೆಯಲಿಲ್ಲವಲ್ಲ ಅವನು. ಒಂದು ಮಾತೂ ಎತ್ತಲಿಲ್ಲ. ಎತ್ತ ತಳ್ಳಿದಳೋ ಅತ್ತ ಇಳಿದು ಹೋದ. ಹೀಗೆ ತಳ್ಳಿಸಿಕೊಂಡು ಹೋಗುವವರನ್ನು ಕಂಡರೆ ಅವಳಿಗೆ ಮೊದಲಿನಿಂದಲೂ ಆಗದು. ಗುಬ್ಬಿಯೂ ಹಾಗೇ ಹೋದಳು. ಬಾಗಿಲನ್ನು ಒದ್ದಿದ್ದರೆ, ಕೂಗಿದ್ದರೆ, ಅಮ್ಮಾ ಅಂತ ಒಂದು ಸಲ ಜೋರಾಗಿ ಕರೆದಿದ್ದರೆ! ಅಮ್ಮನೇ ಹೇಳಿದ್ಲಾ? ಎಂದು ಮೆಲ್ಲಗೆ ಕೇಳಿದಳು ಅಷ್ಟೇ. ಹೂಂ, ಅಮ್ಮನೇ. ಕಿವಿ ಎಳೆದುಕೊಂಡಳು, ಮೆಟ್ಟಿಲಿಳಿದಳು. ಆ ದಿನ ಬೆಳಿಗ್ಗೆಯಿಂದ, ಬಾಯಿಗೆ ತುತ್ತಿಡುವಾಗ, ಅಮ್ಮನ ಕಣ್ಣು ತನ್ನ ಭುಜದ ಮೇಲಿಂದ ಬಾಗಿಲಿಗೇ ಹೋಗುತ್ತಿತ್ತು. ಗುಬ್ಬಿ ಬಂದ್ಲಾ? ಗುಬ್ಬಿ ಉಂಡ್ಲೋ ಏನೋ? ದಿನಾ ಅದೇ. ತುತ್ತಿಡುವ ಕೈಯನ್ನು ಯಾರೂ ನೋಡುವುದಿಲ್ಲ, ಇಲ್ಲದವಳನ್ನು ನೋಡುತ್ತಾರೆ. ಆಗ ಬಾಗಿಲು ತಟ್ಟಿದ ಸದ್ದು. ಬಾಗಿಲು ಮುಚ್ಚಿ ಒಳಗೆ ಬಂದಾಗ ಅಮ್ಮ ಕೇಳಿದಳು, ಯಾರೇ ಅದು? ಹಾಲಿನವನು, ಎಂದಳು ಅವಳು.

ಇಲ್ಲಿಯವರೆಗೆ ನೆನಪು ದಿನಾ ಬರುತ್ತಿತ್ತು, ಇಲ್ಲಿಗೆ ನಿಲ್ಲುತ್ತಿತ್ತು. ಇಷ್ಟು ಕಾಲ ಇಲ್ಲಿ ಅಂಚನ್ನು ಒಳಕ್ಕೆ ಹಾಕಿ, ಇಸ್ತ್ರಿ ಒತ್ತಿಬಿಡುತ್ತಿದ್ದಳು. ಇವತ್ತು ಅದು ನಿಲ್ಲಲಿಲ್ಲ. ನೀರಿನ ಹಿಂದೆಯೇ ಏನೋ ಇಳಿದುಹೋಗಿ, ತಡೆ ಸಡಿಲವಾದ ಹಾಗೆ, ಮುಂದಿನದು ತಾನಾಗಿ ಬಂತು. ಅಮ್ಮನ ಮಂಚದ ಪಕ್ಕದ ಸ್ಟೂಲಿನ ಮೇಲೆ ಹಾಲಿನ ಪಾತ್ರೆ ಇತ್ತು. ತುಂಬಿದ ಪಾತ್ರೆ. ಕೆನೆ ಕಟ್ಟಿತ್ತು. ಹಾಲಿನವನು ಬೆಳಕು ಹರಿಯುವಾಗಲೇ ಬಂದು ಹೋಗಿದ್ದ, ಅವನ ಸೈಕಲ್ಲಿನ ಗಂಟೆ ಕೇಳಿ ಅಮ್ಮನೇ ಅವಳನ್ನು ಎಬ್ಬಿಸಿದ್ದಳು. ಅಮ್ಮ ಆ ಪಾತ್ರೆಯನ್ನು ನೋಡಿದಳು. ಆಮೇಲೆ ಅವಳನ್ನು ನೋಡಿದಳು, ಭುಜದ ಮೇಲಿಂದಲ್ಲ, ಅವಳನ್ನೇ, ನೇರವಾಗಿ. ಎಷ್ಟೋ ಕಾಲದ ಮೇಲೆ ಮೊದಲ ಸಲ. ಸಿಟ್ಟಿರಲಿಲ್ಲ ಅದರಲ್ಲಿ. ಸಿಟ್ಟಿದ್ದರೆ ಇವಳು ಬದುಕಿಕೊಳ್ಳುತ್ತಿದ್ದಳು. ಬಿಸಿಲಲ್ಲಿ ನಿಂತು ಮುಖ ಕೆಂಪಾಗಿದೆಯಲ್ಲೇ ಮಗಳೇ, ಬಾ, ಇಲ್ಲಿ ಕೂತ್ಕೋ, ಎಂದಳು ಅಮ್ಮ. ಸ್ವಾಧೀನವಿದ್ದ ಒಂದೇ ಕೈಯಿಂದ ಅವಳ ಮುಂಗೈ ಹಿಡಿದು, ಹೆಬ್ಬೆರಳಿನಿಂದ ಸವರಿದಳು, ಆ ಒದ್ದೆ ಬಟ್ಟೆ ಹಿಡಿದಿದ್ದ ಕೈಯನ್ನೇ. ಅವಳು ಕೈ ಕಿತ್ತುಕೊಂಡು ಬಚ್ಚಲಿಗೆ ಹೋಗಿ ಬಟ್ಟೆ ಜಜ್ಜಿದಳು. ಆ ದಿನದ ನಂತರ, ಕಣ್ಣು ಮುಚ್ಚುವವರೆಗೆ, ಅಮ್ಮ ಗುಬ್ಬಿ ಬಂದ್ಲಾ ಎಂದು ಕೇಳಲೇ ಇಲ್ಲ. ಒಂದು ಸಲವೂ. ಬಂದವರೆಲ್ಲ, ಪಾಪ, ನೆನಪು ಹೋಗಿದೆ, ಎಂದರು. ಅವಳೂ ಹಾಗೇ ಅಂದುಕೊಂಡಳು. ಅಂದುಕೊಳ್ಳುವುದಕ್ಕೆ ಎಷ್ಟು ಕಷ್ಟಪಟ್ಟಳು! ನೆನಪು ಹೋಗಿರಲಿಲ್ಲ. ಕೇಳಿದರೆ ಇವಳು ಮತ್ತೆ ಸುಳ್ಳು ಹೇಳಬೇಕಾಗುತ್ತದಲ್ಲ ಎಂದು ಕೇಳುವುದನ್ನೇ ಬಿಟ್ಟಿದ್ದಳು. ನಾಲಗೆಯ ತುದಿಯಲ್ಲಿದ್ದ ಆ ಒಂದೇ ಪ್ರಶ್ನೆಯನ್ನು ಇವಳಿಗಾಗಿ ನುಂಗಿಕೊಂಡು, ಇವಳ ಕೈಯಿಂದಲೇ ನೀರು ಕುಡಿದು, ಹೋದಳು.

ದೇವರು ಮುಟ್ಟಲಿಲ್ಲ ಎನ್ನುತ್ತಿದ್ದಳಲ್ಲ! ಮುಟ್ಟಿತ್ತು. ಮುಂಗೈಯ ಮೇಲೆ, ಹೆಬ್ಬೆರಳು. ಪೂರ್ತಿ ಗೊತ್ತಿದ್ದು, ಒಂದು ಎಳೆಯೂ ಬಿಡದೆ ಗೊತ್ತಿದ್ದು ಮುಟ್ಟಿತ್ತು. ಅದರಿಂದ ಕೈ ಕಿತ್ತುಕೊಂಡು ಓಡಿದ್ದು ಇನ್ನೂ ನಿಂತಿರಲಿಲ್ಲ. ಈ ಕೋಣೆಯೊಳಗೆ, ಈ ಡ್ರಾಯರುಗಳ ನಡುವೆ ಓಡುತ್ತಲೇ ಇದ್ದಳು. ಎಂಥ ದೇವರಪ್ಪ ಇವನು ಎಂದುಕೊಂಡಳು, ಹಲ್ಲು ಕಚ್ಚಿ, ಭಕ್ತಿಯಿಂದಲ್ಲ. ತಳ್ಳಿದರೆ ಹೋಗುತ್ತಾನೆ, ಚರಂಡಿಗಾದರೂ ಹೋಗುತ್ತಾನೆ, ನೀನು ಎಷ್ಟು ಕೆಳಗಿಳಿದರೂ ಅಲ್ಲಿ ನಿನಗಿಂತ ಮುಂಚೆ ಹೋಗಿ ಕೂತಿರುತ್ತಾನೆ, ಬಾ ಕೂತ್ಕೋ ಅನ್ನುತ್ತಾನೆ. ಬಚ್ಚಿಟ್ಟುಕೊಳ್ಳಲು ಮೂಲೆ ಬಿಡುವುದಿಲ್ಲ. ಜಗಳವಾಡೋಣವೆಂದರೆ ಎದುರು ಮಾತು ಆಡುವುದಿಲ್ಲ. ಅಳು ಬರುತ್ತದೆಂದು ಕಾದಳು. ಬರಲಿಲ್ಲ. ಬಂದದ್ದು ನಾಚಿಕೆ, ಆಮೇಲೆ ವಿಚಿತ್ರವಾದ ಹಸಿವು. ಕಿಟಕಿಯ ಮೇಲಿನ ಕಿತ್ತಳೆಯಿಂದ ಇರುವೆಯನ್ನು ಊದಿ ಒಂದು ತೊಳೆ ಬಾಯಿಗೆ ಹಾಕಿಕೊಂಡಳು. ದೇವರ ಕೋಣೆಯಲ್ಲಿ ನಿಂತು. ಹುಳಿ.

ಆ ಸಭೆಯಲ್ಲಿ ಅವರೆಲ್ಲ ಎದ್ದು ನಿಂತರಂತೆ. ಕಲ್ಲು ಹೃದಯ ಕರಗಲಿ ಎಂದರಂತೆ. ಅಮ್ಮನ ಹೃದಯ! ತಾನು ಬಾಯಿ ಬಿಡದಿದ್ದರೆ ಗುಬ್ಬಿ ಇನ್ನೊಂದು ಊರಿಗೆ ಹೋಗುತ್ತಾಳೆ, ಇನ್ನೊಂದು ಸಭೆ ಎದ್ದು ನಿಲ್ಲುತ್ತದೆ, ಅಮ್ಮ ಮತ್ತೆ ಮತ್ತೆ ಕ್ಷಮೆ ಪಡೆಯುತ್ತಲೇ ಇರಬೇಕು, ಮಾಡದ ತಪ್ಪಿಗೆ. ಬಾಯಿ ಬಿಟ್ಟರೆ? ಗುಬ್ಬಿಯ ಕ್ಷಮೆ ಒಂದು ಮುಚ್ಚಿದ ಬಾಗಿಲಿನಷ್ಟು ದೊಡ್ಡದು. ಇದಕ್ಕೆ ಸಾಲುತ್ತದೋ ಇಲ್ಲವೋ. ಸಾಲದಿದ್ದರೆ, ಇರುವುದೂ ಹೋಗುತ್ತದೆ. ತನಗೆ ಬೇಡವಾಗಿದ್ದ ಆ ಕ್ಷಮೆಯನ್ನು ಕಳೆದುಕೊಳ್ಳುವ ಭಯ ಎಷ್ಟೊಂದಿತ್ತೆಂದು ಅವಳಿಗೆ ಈಗ ಗೊತ್ತಾಯಿತು. ಬೇಡ ಬೇಡವೆನ್ನುತ್ತಲೇ ಅದನ್ನು ನೇರಳೆ ಬಟ್ಟೆಯ ಅಡಿಯಲ್ಲಿ ಜೋಪಾನವಾಗಿಟ್ಟುಕೊಂಡಿದ್ದಳು.

ಡ್ರಾಯರು ಎಳೆದಳು. ಲಕೋಟೆಯ ಬಾಯಿ ಅಂಟಿಸಿರಲಿಲ್ಲ. ಕಾಗದವನ್ನು ಇಸ್ತ್ರಿಮೇಜಿನ ಮೇಲೆ ಹಾಸಿ, ಅಭ್ಯಾಸಬಲದಿಂದ ಅಂಗೈಯಿಂದ ಸುಕ್ಕು ತೆಗೆದು, ನಾನು ಕ್ಷೇಮ ಎಂದಿದ್ದಲ್ಲಿಂದ ಮುಂದಕ್ಕೆ ಬರೆದಳು. ಅಕ್ಷರ ದಪ್ಪ, ಸಾಲು ಬಲಕ್ಕೆ ಹೋದಂತೆ ಮೇಲಕ್ಕೇರಿತು. ಅಮ್ಮ ನಿನ್ನನ್ನು ಬೇಡ ಅನ್ನಲಿಲ್ಲ. ದಿನಾ ಕೇಳುತ್ತಿದ್ದಳು. ಬೇಡ ಅಂದವಳು ನಾನು. ನೀನು ಬಂದದ್ದು ಅಮ್ಮನಿಗೆ ಗೊತ್ತಾಯಿತು, ನಾನು ಸುಳ್ಳು ಹೇಳಿದ್ದೂ ಗೊತ್ತಾಯಿತು. ಬಯ್ಯಲಿಲ್ಲ. ನನ್ನ ಕೈ ಹಿಡಿದುಕೊಂಡಳು. ಆಮೇಲೆ ನಿನ್ನ ಹೆಸರು ಎತ್ತಲಿಲ್ಲ, ನನಗೆ ಕಷ್ಟವಾಗುತ್ತದೆ ಅಂತ. ನೀನು ಕ್ಷಮಿಸಿದ್ದು ಇದನ್ನಲ್ಲ, ಬೇರೆ ಏನನ್ನೋ. ಇದನ್ನು ಓದಿ ಮತ್ತೆ ಯೋಚನೆ ಮಾಡು. ಆಗದಿದ್ದರೆ ಬಿಡು, ನಾನು ಏನೂ ಅನ್ನುವುದಿಲ್ಲ. ಆದರೆ ಇನ್ನೊಂದು ಸಲ ಜನರ ಮುಂದೆ ನಿಂತಾಗ ಅಮ್ಮನ ಮೇಲೆ ತಪ್ಪು ಹಾಕಬೇಡ. ನನ್ನ ಮೇಲೆ ಹಾಕು. ಹೆಸರು ಹಿಡಿದೇ ಹೇಳು.

ಇಸ್ತ್ರಿಪೆಟ್ಟಿಗೆಯ ವೈರು ಕಿತ್ತು, ಸೆರಗು ಹೊದ್ದು ಹೊರಟಳು. ಹೂವಿನಾಕೆ ಹಿತ್ತಲಲ್ಲಿ ಗುಲಾಬಿ ಗಿಡದ ಪಕ್ಕ ನಿಂತಿದ್ದಳು. "ಇವತ್ತು ಗಿಡಕ್ಕೆ ನೀರು ಹಾಕಲಿಲ್ವಾ? ಬುಡ ಒಣಗಿದೆ," ಎಂದಳು. ಅವಳು ನಿಂತಳು.

"ಆ ಅಕ್ಕ ಇದ್ದಾಳಲ್ಲ, ನೀವು ಹೇಳಿದ ಕಥೇಲಿ."

"ಹೂಂ?"

"ಅದು ನಾನು. ಆ ತಾಯಿ ಕಲ್ಲಲ್ಲ. ಮುಂದಿನ ಸಲ ಪ್ರಾರ್ಥನೆ ಮಾಡಿದ್ರೆ ನನಗೆ ಮಾಡಿ."

ಹೂವಿನಾಕೆಯ ದೊಡ್ಡ ಬಾಯಿ ತೆರೆಯಿತು. ಸಂಜೆಯೊಳಗೆ ಚರ್ಚಿನ ಎಲ್ಲ ಬೆಂಚಿಗೂ ಸುದ್ದಿ ಮುಟ್ಟುತ್ತದೆ. ಮುಟ್ಟಲಿ. ಬೀದಿಯಲ್ಲಿ ಬಿಸಿಲು ಸುಡುತ್ತಿತ್ತು. ಅಂಗಡಿಗಳ ಮುಂದೆ ನೆರಳಿದ್ದಷ್ಟೇ ಕಡೆ ಜನ ನಡೆಯುತ್ತಿದ್ದರು. ಅವಳು ಬಿಸಿಲಲ್ಲೇ ನಡೆದಳು, ಕಲ್ಲುಹಾಸು ಚಪ್ಪಲಿಯ ಮೂಲಕವೂ ಕಾಲು ಕಾಯಿಸುತ್ತಿತ್ತು.

ಅಂಚೆ ಕಚೇರಿಯ ಗಾಜಿನ ಹಿಂದಿದ್ದ ಹೆಂಗಸು ಲಕೋಟೆಯನ್ನು ತಿರುಗಿಸಿ ನೋಡಿದಳು. "ಏನಮ್ಮ ಇದು, ಯಾವ ಕಾಲದ ಸ್ಟಾಂಪು? ಈಗ ಇದು ಮೂಲೆಗೂ ಸಾಲಲ್ಲ. ಮೇಲೆ ಇನ್ನೊಂದೆರಡು ಹಚ್ಚಬೇಕು. ಇಷ್ಟು ದಿನ ಮೊಟ್ಟೆ ಇಡ್ತಾ ಇತ್ತಾ?"

"ಕಾವು ಕೂತಿತ್ತು," ಎಂದಳು ಅವಳು.

ಆ ಹೆಂಗಸು ನಕ್ಕು ಸ್ಟಾಂಪು ಹರಿದುಕೊಟ್ಟಳು. ಕಟ್ಟೆಯ ಮೇಲೆ ಗೋಂದಿನ ಡಬ್ಬಿ, ದಾರ ಕಟ್ಟಿದ ಪೆನ್ನು. ಸ್ಟಾಂಪು ಹಚ್ಚಿ, ಲಕೋಟೆಯ ಬಾಯಿಗೆ ಗೋಂದು ಬಳಿಯಲು ಬೆರಳು ಅದ್ದಿದವಳು ನಿಂತಳು. ಇನ್ನೂ ಏನೋ ಚುಚ್ಚುತ್ತಿತ್ತು. ಸಣ್ಣದು, ಅವಮಾನದಷ್ಟು ಸಣ್ಣದು. ಮಳೆ. ಧೋ ಅಂತ ಮಳೆ, ಮೈಯೆಲ್ಲ ತೊಪ್ಪೆ. ಎಲ್ಲಿತ್ತು ಮಳೆ? ಅಳಿಸುವುದಕ್ಕೆ ಸೇರಿಸಿಕೊಂಡಿದ್ದಾಳೆ. ಮೊದಲಿನಿಂದಲೂ ಅವಳ ಬುದ್ಧಿಯೇ ಹಾಗೆ, ಇದ್ದದ್ದನ್ನು ಇದ್ದ ಹಾಗೆ ಹೇಳಿದವಳಲ್ಲ. ಕಾಗದವನ್ನು ಹೊರಗೆಳೆದು, ಹಿಂದಿನಿಂದ ಯಾರೋ ಕೆಮ್ಮಿದರೂ ತಿರುಗದೆ, ದಾರ ಜಗ್ಗುತ್ತಿದ್ದ ಪೆನ್ನಿನಿಂದ ಕೆಳಗಿನ ಅಂಚಿನಲ್ಲಿ ಬರೆದಳು. ಆ ದಿನ ಮಳೆ ಇರಲಿಲ್ಲ. ಬಿಸಿಲಿತ್ತು. ಬರೆದು, ಜಗಳದಲ್ಲಿ ಗೆದ್ದವಳ ಹಾಗೆ ಒಂದು ಕ್ಷಣ ನಿಂತಳು. ಆಮೇಲೆ ಪೆನ್ನು ಮತ್ತೆ ಇಳಿಯಿತು, ಅವಳು ಇಳಿಸಿದ್ದಲ್ಲ ಎನ್ನುವ ಹಾಗೆ. ನಿನ್ನ ಕಾಲಲ್ಲಿ ಚಪ್ಪಲಿ ಇರಲಿಲ್ಲ. ಮೆಟ್ಟಿಲ ಕಲ್ಲು ಸುಡುತ್ತಿತ್ತು, ನೀನು ಒಂದು ಕಾಲಿನ ಮೇಲೆ ಇನ್ನೊಂದು ಕಾಲಿಟ್ಟು ನಿಂತಿದ್ದೆ. ನಾನು ನೋಡಿದ್ದೆ. ನೋಡಿಯೂ ಬಾಗಿಲು ಹಾಕಿದೆ.

"ಆಯ್ತಾಮ್ಮ? ಹಿಂದೆ ಜನ ನಿಂತಿದ್ದಾರೆ."

"ಆಯ್ತು, ಆಯ್ತು."

ಅಂಚುಗಳನ್ನು ಒಳಕ್ಕೆ ಹಾಕದೆ, ಒಂದೇ ಒಂದು ಮಡಿಕೆ ಮಡಿಚಿ, ತುರುಕಿ, ಅಂಟಿಸಿದಳು. ಬಾಗಿಲ ಬಳಿಯ ಕೆಂಪು ಡಬ್ಬಿಯ ಬಾಯಿಗೆ ಲಕೋಟೆ ಇಟ್ಟಾಗ ಅದು ಬೆರಳಿಗೆ ಮೆತ್ತಿಕೊಂಡಿತ್ತು, ಗೋಂದು ಇನ್ನೂ ಹಸಿ. ಕೈ ಒಳಗೆ ಹಾಕಿ ಒದರಬೇಕಾಯಿತು. ಬಿಟ್ಟಿತು. ಬಿದ್ದ ಸದ್ದಿಗೆ ಕಿವಿಗೊಟ್ಟಳು. ಸದ್ದೇ ಆಗಲಿಲ್ಲ, ಡಬ್ಬಿ ತುಂಬಿತ್ತೇನೋ, ಯಾರ್ಯಾರದೋ ಕಾಗದಗಳ ಮೇಲೆ ಅದು ಮೆತ್ತಗೆ ಕೂತಿರಬೇಕು.